ಸಂಜೆ ಐದರ ಗೆರೆ

ಬಿಬವೇವಾಡಿ, ಪುಣೆ
೧೦ ಜನವರಿ ೧೯೯೯

ಪ್ರೀತಿಯ ಇಂದೂ,

ನೀನು ಮದ್ರಾಸಿನ ರೈಲು ಹತ್ತಿ ಹದಿನೈದು ದಿನವಾಯಿತು. ನಿನ್ನ ಡಬ್ಬಿ ಮಾತ್ರ ನನ್ನ ಗಾಲಿಕುರ್ಚಿಯ ಬೆನ್ನಿಗೆ ಅಂಟಿಕೊಂಡು ಇಲ್ಲೇ ಉಳಿದಿದೆ. ಡಬ್ಬಿಗೆ ಸುದ್ದಿ ಮುಟ್ಟಿಸಲೆಂದು ಸೊಂಟಕ್ಕೆ ನೀನು ಸಿಕ್ಕಿಸಿಕೊಟ್ಟ ಬಿಲ್ಲೆಯನ್ನು ಬೆಳಿಗ್ಗೆ ಸೀರೆ ಉಟ್ಟ ಕೂಡಲೇ ಸಿಕ್ಕಿಸಿಕೊಳ್ಳುತ್ತೇನೆ, ರಾತ್ರಿ ಬಿಚ್ಚಿಡುತ್ತೇನೆ. ತವರಿನವರು ಹಾಕಿದ ಡಾಬನ್ನು ಕೂಡ ಇಷ್ಟು ನಿಷ್ಠೆಯಿಂದ ಕಟ್ಟಿಕೊಂಡವಳಲ್ಲ ನಾನು. ಡಬ್ಬಿಯೊಳಗಿನ ಲೆಕ್ಕವನ್ನೆಲ್ಲ ನಿನ್ನ ಅಣ್ಣ ಆಫೀಸಿನ ಕಂಪ್ಯೂಟರಿನಿಂದ ಫ್ಲಾಪಿಗೆ ಇಳಿಸಿಕೊಂಡು ಬಂದಿದ್ದಾರೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಮಡಚಬೇಡಿ ಎಂದು ಲಕೋಟೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿದ್ದೇನೆ.

ಮನೆಗೆಲಸದ ಸಕ್ಕುಬಾಯಿಗೆ ಡಬ್ಬಿಯ ಕೆಲಸವನ್ನು ತಿಳಿಸಿ ಹೇಳಿದೆ. ನಾನು ಹೇಗೆ ಕೂತೆ, ಎಷ್ಟು ಹೊತ್ತು ಕೂತೆ, ಎತ್ತ ವಾಲಿದೆ ಎಂಬುದನ್ನೆಲ್ಲ ಇದು ಬರೆದಿಟ್ಟುಕೊಂಡು ನಿನಗೆ ವರದಿ ಒಪ್ಪಿಸುತ್ತದೆ ಎಂದೆ. "ಅಂದ್ರ ಚಾಡಿ ಹೇಳ್ತದ ಅನ್ರೀ ತಾಯೀ," ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಚಾಡಿಪೆಟ್ಟಿಗೆ ಎಂದೇ ಹೆಸರು.

ನಿನ್ನೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ, ಹೆಡ್‌ಬಾಯಿ ರಂಜನಾ ಅವರು ಬಂದಿದ್ದರು. "ಇದೇನ್ರೀ ನೀಲಿಮಾ, ಕುರ್ಚಿಗೆ ರೇಡಿಯೋ ಕೂಡಿಸೀರಿ?" ಎಂದರು. ನಾನು ಎರಡೂವರೆ ವರ್ಷದಿಂದ ಗಣಿತ ಕಲಿಸಿಲ್ಲ ನೋಡು, ಸಿಕ್ಕವರಿಗೆಲ್ಲ ಪಾಠ ಮಾಡುತ್ತೇನೆ. ಅವರಿಗೂ ಮಾಡಿದೆ. ನೀವು ಕೂತಲ್ಲಿ ನೋವಾದರೆ ಸರಿದು ಕೂಡುತ್ತೀರಿ. ಸ್ಕೂಟರಿನಿಂದ ಬಿದ್ದ ಮೇಲೆ ನನಗೆ ಸೊಂಟದ ಕೆಳಗೆ ನೋವೇ ತಿಳಿಯುವುದಿಲ್ಲ, ಹಾಗಾಗಿ ಸರಿಯುವುದೂ ಇಲ್ಲ. ಚರ್ಮ ಒತ್ತಿ ಒತ್ತಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಹೋದ ವರ್ಷ ಬಾಲಮೂಳೆಯ ಮೇಲೆ ಹಾಗೆ ಹುಣ್ಣಾಗಿಯೇ ಮೂರು ತಿಂಗಳು ಬೋರಲು ಮಲಗಿದ್ದೆ. ನನಗೆ ತಿಳಿಯದ್ದನ್ನು ನನ್ನ ಪರವಾಗಿ ಈ ಪೆಟ್ಟಿಗೆ ತಿಳಿದುಕೊಳ್ಳುತ್ತದೆ ಎಂದೆ.

ಅವರು ಚಹಾ ಮುಗಿಸಿ ಮೆಲ್ಲಗೆ ಹೇಳಿದರು: "ಜೂನ್ ತನಕ ನಿಮ್ಮ ಜಾಗಾ ಹಿಡಿದಿಡ್ತೀನ್ರೀ. ಅದರ ಮ್ಯಾಲೆ ಮಂಡಳಿಯವರು ನನ್ನ ಮಾತು ಕೇಳೂದಿಲ್ಲ." ಡಾಕ್ಟರರದೂ ಕಟ್ಟುನಿಟ್ಟು. ಮೇ ತಿಂಗಳ ಕೊನೆಗೆ ಚರ್ಮದ ಮೇಲೆ ಒಂದು ಕೆಂಪು ಚುಕ್ಕೆಯೂ ಇರಬಾರದು, ಇದ್ದರೆ ಶಾಲೆಯ ಮಾತೇ ಎತ್ತಬೇಡ ಎಂದಿದ್ದಾರೆ. ಇಂದೂ, ನನಗೆ ಆ ತರಗತಿ ಬೇಕು. ಸೀಮೆಸುಣ್ಣದ ಧೂಳು, ಹಿಂದಿನ ಬೆಂಚಿನ ಪಿಸುಮಾತು, ಎಲ್ಲವೂ ಬೇಕು.

ಮಾವನವರು ಚೆನ್ನಾಗಿದ್ದಾರೆ. ಮಾರ್ಕೆಟ್ ಯಾರ್ಡಿನ ಹಳೆಯ ಗೆಳೆಯರನ್ನು ನೋಡಿಕೊಂಡು ಸಂಜೆ ಐದಕ್ಕೆ ಬಂದು ಹೊರಗಿನ ಹಾಲಿನಲ್ಲಿ ನೆಲಕ್ಕೆ ಹಾಸಿದ ತಮ್ಮ ಗಾದಿಯ ಮೇಲೆ ಪೇಪರ್ ಹಿಡಿದು ಕೂಡುತ್ತಾರೆ. ನಾನೂ ಅಲ್ಲೇ ಇರುತ್ತೇನೆ. ಕಾಯಿಪಲ್ಲೆ ಹೆಚ್ಚುತ್ತ ಊರಿನ ಸುದ್ದಿಯೆಲ್ಲ ಮಾತಾಡುತ್ತೇವೆ.

ನಿನ್ನ ಅತ್ತಿಗೆ, ನಿನ್ನ ಬಾಯಲ್ಲಿ ವೈನಿ,
ನೀಲಿಮಾ

*

ಮದ್ರಾಸ್
೨೭ ಜನವರಿ ೧೯೯೯

ನೀಲು ವೈನಿ,

ಫ್ಲಾಪಿ ಮಡಚದೆ ಬಂತು. ನಿಮ್ಮ ಮೂರು ಭಾಷೆ ಓದಿ ಇಲ್ಲಿನ ಅಂಚೆಯವನು ನಾಲ್ಕನೆಯದರಲ್ಲಿ ಏನೋ ಗೊಣಗಿದ.

ಈಗ ಚಾಡಿ ಕೇಳಿ. ನಿಮ್ಮ ದಿನವನ್ನೆಲ್ಲ ಒಂದು ಉದ್ದ ಗೆರೆಯಾಗಿ ಕಾಗದದ ಮೇಲೆ ಬಿಡಿಸಿದ್ದೇನೆ. ನೀವು ನೆಟ್ಟಗೆ ಕೂತಾಗ ಗೆರೆ ಮೇಲಿರುತ್ತದೆ. ಆಗ ಮೈಯ ಭಾರ ಎರಡು ತೊಡೆ ಮತ್ತು ಕೂಡುವ ಮೂಳೆಗಳ ಮೇಲೆ ಹಂಚಿಹೋಗಿ ಚರ್ಮ ಸುಖವಾಗಿರುತ್ತದೆ. ಸೊಂಟ ಮುಂದಕ್ಕೆ ಜಾರಿದರೆ ಗೆರೆ ಕೆಳಗಿಳಿಯುತ್ತದೆ. ಆಗ ಭಾರವೆಲ್ಲ ಬಾಲಮೂಳೆಯ ಪಾಲು. ಬೆಳಿಗ್ಗೆ ಏಳರಿಂದ ಸಂಜೆಯತನಕ ನಿಮ್ಮ ಗೆರೆ ಎಷ್ಟು ಚೆಂದವೆಂದರೆ ನಮ್ಮ ಪ್ರೊಫೆಸರರು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಸಂಜೆ ಐದಾಯಿತೋ ಇಲ್ಲವೋ, ಗೆರೆ ದಬಕ್ಕನೆ ಬೀಳುತ್ತದೆ. ಎಂಟರ ಊಟದವರೆಗೂ ಏಳುವುದೇ ಇಲ್ಲ. ಹೆಚ್ಚು ಕಡಿಮೆ ದಿನಾಲೂ ಇದೇ ಕತೆ.

ಡಿಸೆಂಬರಿನಲ್ಲಿ ನನ್ನ ಹಳೆಯ ಕೋಣೆಯಲ್ಲಿ ಒತ್ತಡ ಅಳೆಯುವ ಚಾದರ ಹಾಸಿ ನಿಮ್ಮನ್ನು ಕೂಡಿಸಿದಾಗ ಹೀಗಿರಲಿಲ್ಲ. ಕಂಪ್ಯೂಟರಿನ ಮೇಲೆ ಎಲ್ಲ ಕಡೆ ತಣ್ಣನೆಯ ನೀಲಿ ಬಣ್ಣ ಬಂದಿತ್ತು, ಕೆಂಪು ಎಲ್ಲೂ ಕಾಣಲಿಲ್ಲ. ಬೆನ್ನಿನ ಕೋನ, ಮೊಣಕಾಲಿನ ಕೋನ, ಕಾಲಿಡುವ ಹಲಗೆಯ ಎತ್ತರ, ಎಲ್ಲ ಸರಿಯಿತ್ತು. ಹಾಗಾದರೆ ಸಂಜೆ ಏನಾಗುತ್ತದೆ? ನನ್ನ ಅಂದಾಜು, ದಿನವೆಲ್ಲ ಕೂತು ಬೆನ್ನು ದಣಿಯುತ್ತದೆ. ಮುಂದೆ ಎತ್ತರ, ಹಿಂದೆ ತಗ್ಗು ಇರುವ ಒಂದು ಹೊಸ ದಿಂಬು ಕಳಿಸುತ್ತಿದ್ದೇನೆ. ಇದರ ಮೇಲೆ ಕೂತವರು ಮುಂದಕ್ಕೆ ಜಾರಬೇಕೆಂದರೂ ಜಾರಲಾರರು. ಕುರ್ಚಿಯ ಸೊಂಟದ ಪಟ್ಟಿಯನ್ನೂ ಒಂದು ತೂತು ಬಿಗಿ ಮಾಡಿ.

ಅಪ್ಪನಿಗೆ ಹೇಳಿ, ಪೇಪರಿನ ಪದಬಂಧ ತುಂಬಿ ಹಾಳುಮಾಡದೆ ನಿಮಗೂ ಅರ್ಧ ಬಿಡಬೇಕು.

ನಿಮ್ಮ
ಇಂದೂ

*

ಬಿಬವೇವಾಡಿ
೨೧ ಫೆಬ್ರವರಿ ೧೯೯೯

ಇಂದೂ,

ದಿಂಬು ಬಂತು, ಕೂತೆ, ಪಟ್ಟಿಯನ್ನೂ ಬಿಗಿದೆ. ಮೊದಲ ದಿನ ನಿನ್ನ ಅಣ್ಣ ನೋಡಿ, "ವಿಮಾನ ಹಾರಲಿಕ್ಕೆ ಹತ್ತೇದೇನು?" ಎಂದರು.

ಆದರೆ ಈ ಸಲ ನಗುವ ಸುದ್ದಿ ಅಷ್ಟೇ. ಮೊನ್ನೆ ಸ್ನಾನ ಮಾಡಿಸುವಾಗ ಸಕ್ಕುಬಾಯಿ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ಏನೋ ಆಗಿದೆ ಎಂದೇ ಅರ್ಥ. ಕನ್ನಡಿ ಹಿಡಿಸಿ ನೋಡಿಕೊಂಡೆ. ಬಾಲಮೂಳೆಯ ಮೇಲೆ, ಹಳೆಯ ಕಲೆಯ ಜಾಗದಲ್ಲೇ, ನಾಲ್ಕಾಣೆಯಷ್ಟು ಅಗಲ ಕೆಂಪಾಗಿದೆ. ಚರ್ಮ ಒಡೆದಿಲ್ಲ. ಡಾಕ್ಟರರು, "ಇನ್ನೂ ಕೈಮೀರಿಲ್ಲ, ಆದರೆ ಇದು ಹೀಗೇ ಮುಂದುವರಿದರೆ ಬೋರಲು ಮಲಗುವುದೇ" ಎಂದರು. ರಾತ್ರಿ ಅತ್ತೆ. ಬೆಳಿಗ್ಗೆ ಎದ್ದು, ಅತ್ತರೆ ಭಾರವೇನೂ ಕಡಿಮೆಯಾಗುವುದಿಲ್ಲವಲ್ಲ ಎಂದುಕೊಂಡು ಮುಖ ತೊಳೆದೆ.

ನಾನು ನೆಟ್ಟಗೇ ಕೂಡುತ್ತೇನೆ ಇಂದೂ. ನಿನ್ನಾಣೆ. ಸಂಜೆ ದಣಿವೂ ಆಗುವುದಿಲ್ಲ, ದಿನದಲ್ಲಿ ನನಗೆ ಅದೇ ಖುಷಿಯ ಹೊತ್ತು. ನಿನ್ನ ಪೆಟ್ಟಿಗೆಗೆ ನನ್ನ ಮೇಲೆ ಏನೋ ಸಿಟ್ಟಿರಬೇಕು.

ಫ್ಲಾಪಿ ಇಟ್ಟಿದ್ದೇನೆ.

ನೀಲಿಮಾ

*

ಮದ್ರಾಸ್
೬ ಮಾರ್ಚ್ ೧೯೯೯

ನೀಲು ವೈನಿ,

ಹೆದರಬೇಡಿ. ಪೆಟ್ಟಿಗೆಯನ್ನೂ ಬಯ್ಯಬೇಡಿ, ಅದು ಈ ಸಲ ಒಂದು ದೊಡ್ಡ ಸುಳಿವು ಕೊಟ್ಟಿದೆ. ಫೆಬ್ರವರಿ ಮೊದಲ ವಾರದಲ್ಲಿ ಐದು ದಿನ ನಿಮ್ಮ ಗೆರೆ ಸಂಜೆಯೂ ಬಿದ್ದಿಲ್ಲ. ಬೆಳಿಗ್ಗೆ ಹೇಗಿತ್ತೋ ರಾತ್ರಿವರೆಗೂ ಹಾಗೇ. ಆರನೆಯ ದಿನ ಮತ್ತೆ ದಬಕ್. ಆ ಐದು ದಿನ ಏನು ಬೇರೆ ಮಾಡಿದಿರಿ? ಹಳೆಯ ದಿಂಬು ಇತ್ತೇ? ಹಾಲಿನಲ್ಲಿ ಕೂಡಲಿಲ್ಲವೇ? ಏನಿತ್ತೋ ಅದನ್ನೇ ಇನ್ನು ಮುಂದೆ ದಿನಾಲೂ ಮಾಡೋಣ. ಬೇಗ ಬರೆಯಿರಿ, ಇನ್‌ಲ್ಯಾಂಡ್ ಲೆಟರಾದರೂ ಸಾಕು.

ಇಂದೂ

*

ಬಿಬವೇವಾಡಿ
೧೩ ಮಾರ್ಚ್ ೧೯೯೯

ಇಂದೂ,

ನೆನಪು ಮಾಡಿ ಮಾಡಿ ತಲೆ ಕೆಟ್ಟಿತು. ದಿಂಬು ಅದೇ, ಪಟ್ಟಿ ಅದೇ. ಹಾಲಿನಲ್ಲೇ ಕೂತಿದ್ದೆ, ಕಾಯಿಪಲ್ಲೆಯನ್ನೂ ಹೆಚ್ಚಿದೆ. ಬೇರೆ ಇದ್ದದ್ದು ಒಂದೇ. ಆ ವಾರ ಮಾವನವರು ಊರಲ್ಲಿರಲಿಲ್ಲ. ಸಾಸವಡದಲ್ಲಿ ಅವರ ಸೋದರಳಿಯನ ಮನೆಯ ಗೃಹಪ್ರವೇಶಕ್ಕೆ ಹೋಗಿ ಐದು ದಿನ ಇದ್ದು, ಸೀತಾಫಲದ ಗಿಡ ತಂದರು. ಅದಕ್ಕೂ ನನ್ನ ಬಾಲಮೂಳೆಗೂ ಏನು ಸಂಬಂಧ ಹೇಳು!

ಕೆಂಪು ಇನ್ನೂ ಇದೆ.

ನೀಲಿಮಾ

*

ಮದ್ರಾಸ್
೧೯ ಮಾರ್ಚ್ ೧೯೯೯

ಅಪ್ಪಾ,

ಈ ಕಾಗದ ನಿಮ್ಮೊಬ್ಬರಿಗೆ. ವೈನಿಗೆ ತೋರಿಸಬೇಡಿ.

ನೀವು ಮನೆಯಲ್ಲಿದ್ದಾಗ ಸಂಜೆ ಐದರಿಂದ ಎಂಟರವರೆಗೆ ವೈನಿ ಕುಗ್ಗಿ ಕೂಡುತ್ತಾರೆ. ನೀವು ಸಾಸವಡಕ್ಕೆ ಹೋದರೆ ನೆಟ್ಟಗೆ ಕೂಡುತ್ತಾರೆ. ಇದು ನನ್ನ ಊಹೆಯಲ್ಲ, ಯಂತ್ರದ ಲೆಕ್ಕ. ಏನು ಮಾಡುತ್ತೀರಿ ನೀವು ಅವರಿಗೆ? ಬಯ್ಯುತ್ತೀರಾ? ಪಲ್ಲೆಗೆ ಉಪ್ಪು ಹೆಚ್ಚು, ಚಹಾ ತಣ್ಣಗೆ ಎನ್ನುತ್ತೀರಾ? ಅವರು ದೂರು ಹೇಳುವವರಲ್ಲ, ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಆ ಹುಣ್ಣು ಮತ್ತೆ ಒಡೆದರೆ ಶಾಲೆ ಕೈತಪ್ಪುತ್ತದೆ. ಶಾಲೆ ಕೈತಪ್ಪಿದರೆ ವೈನಿ ನಗುವುದನ್ನು ಬಿಡುತ್ತಾರೆ. ಆಮೇಲೆ ಆ ಮನೆಯಲ್ಲಿ ನಿಮಗೂ ಕೂಡಲಿಕ್ಕಾಗುವುದಿಲ್ಲ.

ಇಂದೂ

*

ಬಿಬವೇವಾಡಿ
೨೯ ಮಾರ್ಚ್ ೧೯೯೯

ಚಿ. ಇಂದೂಳಿಗೆ ಮಾರ್ತಾಂಡನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಮಾಲು ಭಾರಿ ಖಾರವಿತ್ತು. ಲಾಲಪ್ಪನವರ ಅಂಗಡಿಯಲ್ಲಿ ನಲವತ್ತು ವರ್ಷ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳ ನಡುವೆ ಗಾದಿಯ ಮೇಲೆ ಕೂತು ಲೆಕ್ಕ ಬರೆದವನು ನಾನು. ನನಗೂ ಸೀನು ಬಂದವು.

ನಾನು ಅವಳಿಗೆ ಏನೂ ಮಾಡುವುದಿಲ್ಲ. ಪೇಪರ್ ಓದುತ್ತೇನೆ. ಅವಳು ಮಾತಾಡುತ್ತಾಳೆ, ನಾನು ಹೂಂ ಅನ್ನುತ್ತೇನೆ. ನಿನ್ನ ಅವ್ವ ಹೋದ ಮೇಲೆ ನನ್ನಿಂದ ಹೂಂ ಅನ್ನಿಸಿಕೊಳ್ಳುವವರು ಅವಳೊಬ್ಬಳೇ. ಆದರೂ ಮಗಳು ಎಂಜಿನಿಯರ್, ಅವಳ ಯಂತ್ರ ನನ್ನ ಕಡೆ ಬೊಟ್ಟು ಮಾಡುತ್ತಿದೆ. ಇರಲಿ, ಪರೀಕ್ಷೆ ಮಾಡಿಯೇ ನೋಡೋಣ ಎಂದು ನಿಶ್ಚಯಿಸಿದೆ.

ಮಂಗಳವಾರ ಸಂಜೆ ಪೇಪರ್ ಬಿಡಿಸಿಕೊಂಡು ಅದರ ಮೇಲಿನ ಅಂಚಿನಿಂದ ನೋಡುತ್ತ ಕೂತೆ. ಪೇಪರ್ ತಲೆಕೆಳಗಾಗಿತ್ತೆಂದು ಸಕ್ಕುಬಾಯಿ ಆಮೇಲೆ ಹೇಳಿದಳು. ನೀಲಿಮಾ ಒಳಗಿನಿಂದ ಗಾಲಿ ತಿರುಗಿಸಿಕೊಂಡು ಬಂದಳು. ನನ್ನ ಎದುರು ಕುರ್ಚಿ ನಿಲ್ಲಿಸಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಎರಡೂ ಕೈ ಕುರ್ಚಿಗೆ ಊರಿ ಸರ್‌ ಎಂದು ಕೆಳಗೆ ಜಾರಿದಳು. ಅವಳ ತಲೆ ನನ್ನ ತಲೆಯ ಸಮೀಪಕ್ಕೆ ಇಳಿಯಿತು. ಪಟ್ಟಿ ಬಿಗಿದಿತ್ತು, ದಿಂಬು ಎತ್ತರವಿತ್ತು, ಅದನ್ನೆಲ್ಲ ಮೀರಿ ಜಾರಿದಳು. ಜಾರುತ್ತಲೇ, "ಇವತ್ತು ಯಾರ್ಡಿನ್ಯಾಗ ಏನ್ ಸುದ್ದಿರೀ ಮಾವನವರ?" ಎಂದು ಕೇಳಿದಳು.

ನಾನು ನೀರು ಕುಡಿಯುವ ನೆವ ಮಾಡಿ ಎದ್ದು ನಿಂತೆ. ಅವಳು ಮಾತಾಡುತ್ತಲೇ ನೆಟ್ಟಗಾದಳು. ಕೂತೆ, ಜಾರಿದಳು. ಮತ್ತೆ ಎದ್ದೆ, ಮತ್ತೆ ನೆಟ್ಟಗಾದಳು. ಹೀಗೆ ಏಳುವುದು ಕೂಡುವುದು ನಡೆದಾಗ ಸಕ್ಕುಬಾಯಿ ಅಡಿಗೆಮನೆಯಿಂದ ಬಂದು, "ಗಾದಿಯಾಗ ಇರಿವಿ ಹೊಕ್ಕಾವೇನ್ರೀ ಬಾಬಾ?" ಎಂದು ಝಾಡಿಸಲಿಕ್ಕೆ ನಿಂತಳು. ನಿನ್ನ ಪ್ರಯೋಗಾಲಯದಲ್ಲಿ ಇದಕ್ಕಿಂತ ಪಕ್ಕಾ ಪರೀಕ್ಷೆ ಮಾಡುತ್ತಾರೇನು, ನೀನೇ ಹೇಳು.

ಅವಳಿಗೆ ಇದು ಗೊತ್ತೇ ಇಲ್ಲ. ಬಾಯಿ ತನ್ನ ಪಾಡಿಗೆ ಮಾತಾಡುತ್ತದೆ, ಮೈ ತನ್ನ ಪಾಡಿಗೆ ಇಳಿಯುತ್ತದೆ. ಕಲಿಸಿದವಳು ನಿನ್ನ ಅವ್ವ. ನನ್ನ ಅಪ್ಪನ ಮುಂದೆ ಅವಳು ಮಣೆಯ ಮೇಲೆ ಕೂಡ ಕೂತವಳಲ್ಲ. ನೀಲಿಮಾ ಮದುವೆಯಾಗಿ ಬಂದ ವಾರವೇ, "ಮಾವನವರು ಕೆಳಗ ಕೂತಾಗ ನಾವು ಮ್ಯಾಲೆ ಕೂಡಬಾರದವಾ" ಎಂದು ಹೇಳಿಕೊಟ್ಟದ್ದನ್ನು ನಾನೇ ಕೇಳಿದ್ದೇನೆ. ಆಗ ಈಕೆ ಚಾಪೆಯ ಮೇಲೆ ಕೂಡುತ್ತಿದ್ದಳು. ಈಗ ಕುರ್ಚಿ ಬಿಟ್ಟು ಇಳಿಯುವಂತಿಲ್ಲ, ಎಷ್ಟು ಇಳಿಯಲಿಕ್ಕೆ ಬರುತ್ತದೋ ಅಷ್ಟು ಇಳಿಯುತ್ತಾಳೆ. ನಿನಗೂ ಅವ್ವ ಇದನ್ನು ಹೇಳಿರಬೇಕು. ನೀನು ನನ್ನ ಬರೆಯುವ ಮೇಜಿನ ಮೇಲೆಯೇ ಏರಿ ಕೂತು ಕಾಲು ಅಲ್ಲಾಡಿಸುತ್ತಿದ್ದೆ.

ನೆಟ್ಟಗೆ ಕೂಡು ಎಂದು ಅವಳಿಗೆ ಹೇಳಬಹುದಿತ್ತು. ಹೇಳಿದರೆ ನಾಚುತ್ತಾಳೆ, ಕೆಲಸದ ನೆವ ಮಾಡಿ ಹಾಲಿಗೆ ಬರುವುದನ್ನೇ ಬಿಡುತ್ತಾಳೆ. ನನಗೆ ಆ ಸಂಜೆ ಬೇಕು ಇಂದೂ. ಆದ್ದರಿಂದ ಅವಳು ಇಳಿಯುವುದು ಬೇಡ, ನಾನೇ ಏರುತ್ತೇನೆ.

ನಿನ್ನ ಅಣ್ಣ ಪ್ರಣವನ ಕುರ್ಚಿಯ ಮೇಲೆ ಕೂತು ನೋಡಿದೆ. ಕಾಲು ಇಳಿಬಿಟ್ಟು ಕೂಡುವುದು ಕ್ಷೌರದಂಗಡಿಯಲ್ಲಷ್ಟೇ ಸರಿ. ಮೇಲಾಗಿ ಇಬ್ಬರ ತಲೆಯೂ ಸಮ ಬಂದವು, ಅವಳು ಆಗಲೂ ಒಂದಿಷ್ಟು ಇಳಿದಳು. ಸಮ ಉಪಯೋಗವಿಲ್ಲ, ನಾನು ಮೇಲೆಯೇ ಇರಬೇಕು. ಗಾದಿಯ ಕೆಳಗೆ ಒಂದು ಕಟ್ಟಿಗೆಯ ಕಟ್ಟೆ ಮಾಡಿಸುತ್ತೇನೆ. ಎಷ್ಟು ಎತ್ತರ ಬೇಕೆಂದು ಲೆಕ್ಕ ಹಾಕಿ ಬೇಗ ತಿಳಿಸು. ನೀಲಿಮಾಗೆ ಮೊಣಕಾಲು ನೋವು ಎನ್ನುತ್ತೇನೆ. ನೀನೂ ಬಾಯಿ ಬಿಡತಕ್ಕದ್ದಲ್ಲ.

ನಿನ್ನ ಅಪ್ಪ,
ಮಾರ್ತಾಂಡ

*

ಮದ್ರಾಸ್
೫ ಏಪ್ರಿಲ್ ೧೯೯೯

ಅಪ್ಪಾ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ನನ್ನ ಖಾರದ ಕಾಗದ ನೆನಪಾಗಿ ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ಅಪ್ಪಾ. ಮತ್ತೆ ನಕ್ಕೆ. ಪ್ರೊಫೆಸರರು ಬಂದು ಏನಾಯಿತೆಂದು ಕೇಳಿದರು. ಕನ್ನಡದ ಸೊಸೆಯಂದಿರನ್ನು ಅಳೆಯುವಾಗ ಎದುರಿಗೆ ಒಬ್ಬ ಮಾವನನ್ನು ಕೂಡಿಸಬೇಕು ಸರ್, ಅದನ್ನು ನಮ್ಮ ಪದ್ಧತಿಯಲ್ಲಿ ಸೇರಿಸಿಲ್ಲ ಎಂದೆ. ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ನಾನು ವೈನಿಯನ್ನು ಕೋಣೆಯ ಬಾಗಿಲು ಮುಚ್ಚಿಕೊಂಡು ಅಳೆದೆ. ಮೈಯ ಎಲ್ಲ ಕೋನಗಳನ್ನೂ ಅಳೆದೆ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಲಿಲ್ಲ, ಯಾಕೆಂದರೆ ನಾನು ಆ ಮನೆಯಲ್ಲಿ ಯಾವತ್ತೂ ಸೊಸೆಯಾಗಿರಲಿಲ್ಲ.

ಲೆಕ್ಕ ಇಲ್ಲಿದೆ. ಕಟ್ಟೆ ಎರಡು ಫೂಟು ಎತ್ತರವಿರಲಿ, ಅದರ ಮೇಲೆ ಗಾದಿ. ಆಗ ವೈನಿ ಪೂರ್ತಿ ನೆಟ್ಟಗೆ ಕೂತರೂ ನಿಮ್ಮ ತಲೆ ಒಂದು ಗೇಣು ಮೇಲಿರುತ್ತದೆ. ಏರಲಿಕ್ಕೆ ಒಂದು ಮೆಟ್ಟಿಲು, ಹಿಡಿಯಲಿಕ್ಕೆ ಪಕ್ಕಕ್ಕೊಂದು ಕಂಬಿ ಖಂಡಿತ ಇರಬೇಕು. ಬಿದ್ದುಬಿಟ್ಟೀರಿ, ಆಮೇಲೆ ನಿಮಗೂ ಗಾಲಿಕುರ್ಚಿ ಅಳೆಯಬೇಕಾಗುತ್ತದೆ. ಅದೂ ವೈನಿಯ ಕುರ್ಚಿಗಿಂತ ಎತ್ತರವಿರಬೇಕು ಎಂದು ಏರಿಸುತ್ತ ಏರಿಸುತ್ತ ಕೊನೆಗೆ ನೀವು ಛಾವಣಿ ಮುಟ್ಟುತ್ತೀರಿ.

ನಿಮ್ಮ ಮಗಳು,
ಇಂದೂ

*

ಬಿಬವೇವಾಡಿ
೨೫ ಏಪ್ರಿಲ್ ೧೯೯೯

ಇಂದೂ,

ನಿನಗೊಂದು ಸುದ್ದಿ ಹೇಳಲೇಬೇಕು. ನಿನ್ನ ಅಪ್ಪನಿಗೆ ಪಟ್ಟಾಭಿಷೇಕವಾಗಿದೆ.

ಹೋದ ವಾರ ಇದ್ದಕ್ಕಿದ್ದಂತೆ ಇಬ್ಬರು ಬಡಿಗೇರರು ಬಂದು ಹಾಲಿನಲ್ಲಿ ಒಂದು ಕಟ್ಟೆ ಕೂಡಿಸಿಹೋದರು. ಮೆಟ್ಟಿಲಿದೆ, ಕಂಬಿಯಿದೆ. ಗಾದಿ, ಲೋಡು, ಪೇಪರ್, ಚಷ್ಮಾ ಎಲ್ಲ ಮೇಲೆ ಹೋದವು. ಕೊನೆಗೆ ಮಾವನವರು ಕಂಬಿ ಹಿಡಿದು ಏರಿ ಚಕ್ಕಳಮಕ್ಕಳ ಹಾಕಿ ಕೂತರು. ಫ್ಯಾನು ತಲೆಗೆ ಬಡಿಯುತ್ತದೇನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದ ಮನೆಯ ಏಕನಾಥರು ಪೇಪರ್ ಇಸಿದುಕೊಳ್ಳಲು ಬಂದವರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದು, "ರಾವ್‌ಸಾಹೇಬ, ಕೀರ್ತನಾ ಕಿತೀ ವಾಜತಾ?" ಎಂದರು. ಕೀರ್ತನೆ ಎಷ್ಟು ಗಂಟೆಗೆ ಅಂತೆ! ಮಾವನವರು ಮೇಲಿನಿಂದಲೇ, "ಮೊಣಕಾಲ ನೋವು ಅದರೀ. ಎತ್ತರದಾಗ ಕೂತ್ರ ಛಲೋ ಅಂತ ಡಾಕ್ಟರ್ ಹೇಳ್ಯಾರ" ಎಂದರು. ಯಾವ ಡಾಕ್ಟರರೋ ನನಗೆ ತಿಳಿಯದು. ಮೊಣಕಾಲು ನೋವಿದ್ದವರು ದಿನಕ್ಕೆ ಅಷ್ಟು ಸಲ ಏರಿ ಇಳಿಯುತ್ತಾರೇನೇ? ಕೇಳಿದರೆ ಪೇಪರ್ ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಇನ್ನೊಂದು ಸುದ್ದಿಗೆ ಗಟ್ಟಿಯಾಗಿ ಕೂತುಕೋ. ಕೆಂಪು ಮಾಯವಾಗುತ್ತಿದೆ. ಸಕ್ಕುಬಾಯಿ ದಿನಾಲೂ ಕನ್ನಡಿ ಹಿಡಿದು, ನಾಲ್ಕಾಣೆ ಹೋಗಿ ಎರಡಾಣೆ ಆಯಿತು ಎಂದು ದರ ಹೇಳುತ್ತಾಳೆ. ನಿನ್ನ ಓರೆ ದಿಂಬು ನಿಧಾನಕ್ಕೆ ಕೆಲಸ ಶುರುಮಾಡಿದೆ ಎಂದು ಕಾಣುತ್ತದೆ. ನಾನು ಅದನ್ನು ಎಷ್ಟು ಬಯ್ದಿದ್ದೆ! ಈಗ ಅದಕ್ಕೆ ಹೊಸ ಗವಸು ಹೊಲಿಸಿದ್ದೇನೆ.

ಫ್ಲಾಪಿ ನೋಡಿ ಬರೆ.

ನೀಲಿಮಾ

*

ಮದ್ರಾಸ್
೪ ಮೇ ೧೯೯೯

ನೀಲು ವೈನಿ,

ಫ್ಲಾಪಿ ನೋಡಿದೆ. ಕಟ್ಟೆ ಬಂದ... ಅಲ್ಲ, ಏಪ್ರಿಲ್ ಮೂರನೆಯ ವಾರದಿಂದ ಸಂಜೆ ಐದರ ಗೆರೆ ಬಿದ್ದಿಲ್ಲ. ಒಂದು ಸಲವೂ ಬಿದ್ದಿಲ್ಲ! ದಿಂಬು ತಯಾರಿಸಿದವರಿಗೆ ನಿಮ್ಮ ಮೆಚ್ಚುಗೆ ತಿಳಿಸುತ್ತೇನೆ. ಗವಸಿನ ಬಣ್ಣ ಯಾವುದು?

ಅಪ್ಪನ ಮೊಣಕಾಲು ಪಾಪ, ಬಹಳ ಹಳೆಯ ನೋವು. ಏನೂ ಕೇಳಬೇಡಿ.

ಇಂದೂ

*

ಬಿಬವೇವಾಡಿ
೧೫ ಜೂನ್ ೧೯೯೯

ಇಂದೂ, ಇಂದೂ, ಇಂದೂ!

ಡಾಕ್ಟರರು ಮೇ ಕೊನೆಗೆ ನೋಡಿ ಶಾಲೆಗೆ ಹೋಗಬಹುದು ಎಂದು ಚೀಟಿ ಬರೆದುಕೊಟ್ಟದ್ದು ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ. ನಿನ್ನೆ ಶಾಲೆ ಶುರುವಾಯಿತು. ಹೆಡ್‌ಬಾಯಿಯವರು ನನ್ನ ತರಗತಿಯನ್ನು ನೆಲಮಹಡಿಗೆ ಇಳಿಸಿದ್ದಾರೆ, ಕರಿಹಲಗೆಯನ್ನೂ ನನ್ನ ಕೈಗೆಟುಕುವಷ್ಟು ಕೆಳಗೆ ಹೊಡೆಸಿದ್ದಾರೆ. ಒಳಗೆ ಹೋದೆ. ಏಳನೆಯ ಇಯತ್ತೆಯ ಮಕ್ಕಳೆಲ್ಲ ಎದ್ದು ನಿಂತರು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ, "ಬಾಯೀ, ನಿಮ್ಮ ಕುರ್ಚಿಗೆ ಬ್ರೇಕ್ ಅದ ಏನ್ರೀ?" ಎಂದಳು. ಇದೆ ಎಂದೆ. "ಗಿಯರ್?" ಇಲ್ಲ ಎಂದೆ. ಹಿಂದಿನ ಬೆಂಚಿನವರಿಗೆ ನಿರಾಸೆಯಾಯಿತು. ಅಷ್ಟೇ ಇಂದೂ, ಆಮೇಲೆ ಯಾರೂ ಕುರ್ಚಿ ನೋಡಲಿಲ್ಲ. ಕೋನ ಶುರುಮಾಡಿದೆ. ಒಂದು ಗೆರೆ ಇನ್ನೊಂದರ ಮೇಲೆ ನೆಟ್ಟಗೆ ನಿಂತರೆ ಲಂಬಕೋನ ಎಂದು ಹೇಳುವಾಗ ನನಗೆ ನೀನೇ ನೆನಪಾದೆ.

ಮೈತುಂಬ ಸೀಮೆಸುಣ್ಣ ಮಾಡಿಕೊಂಡು ಮನೆಗೆ ಬಂದೆ. ಬಂದವಳೇ ಮಾವನವರಿಗೆ ಎಲ್ಲ ಹೇಳಿದೆ, ಕೈಯಾಡಿಸಿ ಹೇಳಿದೆ. ಚಹಾ ಕುಡಿಯುವುದೂ ಮರೆತುಹೋಯಿತು. ಸಕ್ಕುಬಾಯಿ ರಾತ್ರಿ ಕನ್ನಡಿ ಹಿಡಿದು ನೋಡಿ, "ಕಾಯ್ ನಾಯ್, ಸ್ವಚ್ಛ!" ಎಂದಳು. ಏನೂ ಇಲ್ಲವಂತೆ, ಸ್ವಚ್ಛವಂತೆ!

ಫ್ಲಾಪಿ ಕಳಿಸುತ್ತಿದ್ದೇನೆ. ಈ ಸಲ ಪೆಟ್ಟಿಗೆ ಚಾಡಿ ಹೇಳಲಿ, ನಾನು ಹೆದರುವುದಿಲ್ಲ.

ನಿನ್ನ
ನೀಲಿಮಾ ಟೀಚರ್

*

ಬಿಬವೇವಾಡಿ
೧೭ ಜೂನ್ ೧೯೯೯

ಚಿ. ಇಂದೂಳಿಗೆ ಮಾರ್ತಾಂಡನ ಆಶೀರ್ವಾದ.

ನೀಲಿಮಾ ಕಳಿಸಿದ ಫ್ಲಾಪಿ ನಿನಗೆ ಈ ಕಾಗದಕ್ಕಿಂತ ಮೊದಲೇ ಮುಟ್ಟಿರುತ್ತದೆ. ಅದರಲ್ಲಿ ಹದಿನಾಲ್ಕನೆಯ ತಾರೀಖಿನ ಸಂಜೆ ಐದರ ಗೆರೆ ನೋಡಿ ನನಗೆ ಬರೆಯಬೇಕು. ಯಾಕೆ ಕೇಳುತ್ತೇನೆ ಎಂಬುದನ್ನು ಹೇಳುತ್ತೇನೆ.

ಅಂದು ಕಟ್ಟೆಗೆ ಪಾಲಿಶ್ ಹಚ್ಚಿಸಿದ್ದೆ. ಬೇಗ ಒಣಗುತ್ತದೆ ಎಂದು ಬಡಿಗೇರ ಹೇಳಿ ಹೋಗಿದ್ದ, ಮಳೆಗಾಲದ ಹವೆಗೆ ಒಣಗಲಿಲ್ಲ. ಗಾದಿ ಮತ್ತೆ ನೆಲಕ್ಕೆ ಬಂದಿತ್ತು. ಐದಾಗುತ್ತ ಬಂದಾಗ ನನಗೆ ಕಸಿವಿಸಿ ಶುರುವಾಯಿತು. ಅವಳು ಮೊದಲ ದಿನ ಶಾಲೆಯಿಂದ ದಣಿದು ಬರುತ್ತಾಳೆ, ಇವತ್ತೇ ನಾನು ಕೆಳಗೆ, ಇವತ್ತೇ ಜಾರುತ್ತಾಳೆ. ಅವಳು ಊಟಕ್ಕೆ ಹೋಗುವತನಕ ನಿಂತೇ ಇರುವುದೆಂದು ನಿರ್ಧಾರ ಮಾಡಿ ಕಿಟಕಿಯ ಹತ್ತಿರ ನಿಂತೆ.

ಬಾಗಿಲಲ್ಲಿ ರಿಕ್ಷಾ ನಿಂತಿತು. ಪ್ರಣವ ಇಳಿಸಿದ. ಅವಳು ನೇರ ಹಾಲಿಗೆ ಬಂದಳು. ಬಾಗಿಲಲ್ಲಿ ಕುರ್ಚಿ ನಿಲ್ಲಿಸಲಿಲ್ಲ, ಸೆರಗು ಮುಟ್ಟಲಿಲ್ಲ. "ಯಾಕ ನಿಂತೀರಿ ಮಾವನವರ? ಕೂಡ್ರಿ, ಕೂಡ್ರಿ, ಎಲ್ಲಾ ಹೇಳ್ತೀನಿ!" ಎಂದಳು. ಆ ದನಿಗೆ ನಾನು ಏನು ಮಾಡಲಿ, ಕೂತುಬಿಟ್ಟೆ. ನೆಲದ ಗಾದಿಯ ಮೇಲೆ, ಅವಳ ಎದುರಿಗೆ.

ಅವಳು ಇಳಿಯಲಿಲ್ಲ ಇಂದೂ. ಒಂದು ತಾಸು ಮಾತಾಡಿದಳು, ಬ್ರೇಕಿನ ಹುಡುಗಿ, ಗಿಯರಿನ ಹುಡುಗರು, ಲಂಬಕೋನ, ಎಲ್ಲ ಬಂತು. ಕುರ್ಚಿಗೆ ಕೈ ಊರಲೇ ಇಲ್ಲ, ಎರಡೂ ಕೈ ಗಾಳಿಯಲ್ಲಿದ್ದವು. ನಾನು ಪೇಪರ್ ಮಡಚಿಟ್ಟು ತ್ರಿಕೋನ ಕಲಿಯುವ ಹುಡುಗನ ಹಾಗೆ ತಲೆ ಎತ್ತಿ ಕೇಳುತ್ತ ಕೂತೆ. ಕಟ್ಟೆ ಖಾಲಿಯಿರುವುದನ್ನು ಅವಳು ನೋಡಲಿಲ್ಲ. ನಾನೂ ಹೇಳಲಿಲ್ಲ. ಪಾಲಿಶ್ ಮರುದಿನ ಒಣಗಿತು, ನಾನು ಏರಿಲ್ಲ. ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಏಕನಾಥರಿಗೆ ಹೇಳಿದ್ದೇನೆ. ಕಟ್ಟೆಯ ಮೇಲೆ ಸಾಸವಡದ ಸೀತಾಫಲದ ಕುಂಡ ಇಟ್ಟಿದ್ದೇನೆ, ಬಿಸಿಲು ಚೆನ್ನಾಗಿ ಬೀಳುತ್ತದೆ.

ನೀನು ಇದನ್ನು ಅವಳಿಗೆ ಹೇಳಬಾರದು. ಹೇಳಿದರೆ ನೆನಪಾಗುತ್ತದೆ, ನೆನಪಾದರೆ ಮತ್ತೆ ಇಳಿಯುತ್ತಾಳೆ. ದಿಂಬಿನದೇ ಪವಾಡ ಎಂದುಕೊಂಡಿರಲಿ.

ಇನ್ನೊಂದು ಮಾತು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನ ಮುಂದೆ ತಲೆ ತಗ್ಗಿಸಿಯೇ ಇದ್ದಳು, ನಾನು ಪೇಪರಿನಿಂದ ತಲೆ ಎತ್ತಲೇ ಇಲ್ಲ. ಮೊನ್ನೆ ಕೆಳಗಿನಿಂದ ನೋಡಿದಾಗ ಕಂಡಿತು. ನಮ್ಮ ನೀಲಿಮಾಗೆ ಗದ್ದದ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ನಿನಗೆ ಗೊತ್ತಿತ್ತೇನು?

ನಿನ್ನ ಅಪ್ಪ,
ಮಾರ್ತಾಂಡ